ತಾಂಡೇಲ ಯಾರು?

ನಾಗಪಟ್ಟಣದಿಂದ ಶ್ರೀಲಂಕಾಕ್ಕೆ ಹಡಗು ಹೋಗ್ತದೆ ಅಂತ ಗೊತ್ತಾಗಿದ್ದೇ, ನಂಗೆ ಕೂತಲ್ಲಿ ಕೂರೋಕಾಗ್ಲಿಲ್ಲ. ಮೊಬೈಲಲ್ಲಿ ಸೀಟು ಹಿಡ್ದಾತು, ಸ್ವಲ್ಪ ಹೊತ್ತಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕ್ದಿದ್ರೆ ಸೀಟು ಕೈತಪ್ಪಿ ಹೋಗ್ತದೆ. ಪಾಸ್‌ಪೋರ್ಟ್ ಅಪ್ಪನ ಕೈಲಿ.

"ತಾಂಡೇಲ ಯಾರು?" ಅಂದ ಅಪ್ಪ.

ನಮ್ಮೂರು ಮಾವಿನಕುರ್ವೆಲಿ ಬೋಟು ನಡ್ಸೋ ತಾಂಡೇಲ ಯಾರಂತ ಕೇಳ್ದೆ ಯಾರೂ ಹತ್ತೋದಿಲ್ಲ. ದೊಡ್ಡಪ್ಪ ಒಂದ್ಸಲ ಕೇಳ್ದೆ ಹತ್ತಿದ್ದ, ವಾಪಸ್ ಬರ್ಲಿಲ್ಲ.

"ಅಪ್ಪ, ಅದು ಹಡಗು. ಕ್ಯಾಪ್ಟನ್ ಇರ್ತಾರೆ."

"ಅವಂಗೆ ಹೆಸ್ರಿಲ್ವಾ?"

ಅಪ್ಪನ ಫೋನಿಂದ ಟಿಕೆಟ್ ಆಫೀಸಿಗೆ ಹಚ್ಚಿದೆ. ಹೆಸ್ರು ಹೇಳೋಕಾಗಲ್ಲ ಅಂದ್ರು. ಅಪ್ಪ ಫೋನ್ ಕಿತ್ಕೊಂಡು ತನ್ನ ಮುರುಕು ಹಿಂದಿಲಿ, "ಮಗಳನ್ನ ಹತ್ತಿಸೋದು ನಾನು, ಕೇಳಿದ್ರೆ ತಪ್ಪಾ?" ಅಂದ. ಅತ್ಲಾಗೆ ಯಾರನ್ನೋ ಕರೆದ್ರು. ಇತ್ಲಾಗೆ ನನ್ನ ಟೈಮು ಮುಗೀತಾ ಬಂತು. ಆಮೇಲೆ ಬೇರೆ ದನಿ ಬಂತು. ಕ್ಯಾಪ್ಟನ್ ಅಲ್ಲೇ ಇದ್ರಂತೆ. ಗಾಳಿ, ತೆರೆ, ಇಂಜಿನ್ನು ಅಂತ ಇಬ್ರೂ ಮಾತಾಡಿದ್ದೇ ಮಾತಾಡಿದ್ದು. ಕೊನೆಗೆ ಅಪ್ಪ ನಗಾಡ್ತಾ ಪಾಸ್‌ಪೋರ್ಟ್ ಕೊಟ್ಟ. ನಂಬರ್ ಹೊಡ್ದೆ, ಟಿಕೆಟ್ ಬಂತು, ಹೋದ ಜೀವ ಬಂತು.

"ಎಂತ ಅಪ್ಪ ಅವ್ರ ಹೆಸ್ರು?"

ಅಪ್ಪ ಫೋನ್ ನೋಡ್ದ, ನನ್ನ ನೋಡ್ದ. "ಕೇಳೋಕೆ ಮರ್ತೋಯ್ತು ಮಾರಾಯ್ತಿ."

ಈಗ ಹಡಗು ಹತ್ತಿದ್ ಕೂಡ್ಲೇ ನಾನು ಮಾಡ್ಬೇಕಾದ ಮೊದ್ಲ ಕೆಲ್ಸ ಕ್ಯಾಪ್ಟನ್ ಹೆಸ್ರು ಕೇಳೋದಂತೆ.