ಫುಲ್ ತೋರಿಸುವ ಮುಳ್ಳು

ಯಶವಂತನಗರದ ದಾರಿಯಲ್ಲಿ ಉಜ್ಜಿನಪ್ಪ ಮಾವನ ಅಂಬಾಸಿಡರ್ ಮೂರನೆಯ ಸಲ ನಿಂತ ದಿನ ನನಗೆ ಮೊದಲು ಬಂದದ್ದು ಸಿಟ್ಟು. ಅರ್ಧ ಬಿಚ್ಚಿದ ಲಾರಿಯನ್ನು ಗ್ಯಾರೇಜಿನಲ್ಲಿ ಬಿಟ್ಟು, ಕ್ಯಾನಿನಲ್ಲಿ ಪೆಟ್ರೋಲು ತುಂಬಿಕೊಂಡು ಸಂಡೂರಿನಿಂದ ಓಡಬೇಕಾಯಿತು. ಮೂರು ಸಲವೂ ಅದೇ ಹಾಡು: ಟ್ಯಾಂಕು ಒಣಗಿತ್ತು.

ಮಾವ ಅಂದರೆ ಸಂಬಂಧವೇನಿಲ್ಲ, ಊರೆಲ್ಲ ಹಾಗೇ ಕರೆಯುತ್ತದೆ. ಮೂವತ್ತು ವರ್ಷ ಗಣಿ ಕಂಪನಿಯ ಜೀಪು ಓಡಿಸಿ, ರಿಟೈರಾದ ಮೇಲೆ ಈ ಹಳೆಯ ಕಾರು ಕೊಂಡವರು. ಎಷ್ಟು ಬಸುರಿಯರನ್ನು ಹೊಸಪೇಟೆಯ ಆಸ್ಪತ್ರೆಗೆ ಮುಟ್ಟಿಸಿದ್ದಾರೋ ಅವರಿಗೇ ಗೊತ್ತಿಲ್ಲ. ನನಗೆ ಕ್ಲಚ್ಚು ಬಿಚ್ಚಲು ಕಲಿಸಿದ್ದೂ ಅವರೇ, ಬೈದು ಬೈದು.

ಮಾವನ ಮಗಳು ಶೈಲಶ್ರೀ ಸ್ಕೂಟಿಯಲ್ಲಿ ನನ್ನ ಹಿಂದೆಯೇ ಬಂದಿಳಿದಳು. "ಸಾಕಪ್ಪಾ. ಪೆಟ್ರೋಲ್ ಹಾಕ್ಸೀನೋ ಇಲ್ಲೋ ಅನ್ನಾದೂ ನಿನಗ ನೆನಪಿರಂಗಿಲ್ಲ. ಚಾವಿ ಕೊಡು."

"ನನ್ನ ತಲಿ ನೆಟ್ಟಗೈತಿ ತಂಗಿ! ಪೆಟ್ರೋಲ್ ಮುಳ್ಳು ನೋಡು, ಫುಲ್ ತೋರ್ಸಾಕತ್ತೈತಿ. ಸುಳ್ಳು ಹೇಳಾದು ಅದು, ನಾನಲ್ಲ." ಮಾವ ಮಗಳಿಗೆ ಅಷ್ಟಂದು ನನ್ನ ಹತ್ತಿರ ಬಂದರು. ನನ್ನ ಎರಡೂ ಕೈ ಹಿಡಿದರು. "ಯಲ್ಲೇಶಾ, ಕಾಲಿಗೆ ಬೀಳ್ತೀನಿ, ಮೀಟರ್ ಕೆಟ್ಟೈತಿ ಅಂತ ತೋರ್ಸಲೇ. ಇಲ್ಲಂದ್ರ ಇವ್ರು ನನ್ನ ಹುಚ್ಚನ್ನ ಮಾಡ್ತಾರ."

"ಮೀಟರ್ ಕೆಟ್ಟಿದ್ರ ಚಾವಿ ನಿನ್ನತ್ರಾನ ಇರ್ಲಿ," ಎಂದಳು ಶೈಲಶ್ರೀ. ಅವಳ ಕಣ್ಣಲ್ಲಿ ನೀರಿತ್ತು.

ಮಾವನನ್ನು ಮೀಟರಿನ ಮುಂದೆ ಕೂರಿಸಿ, ಡಿಕ್ಕಿಯ ಮ್ಯಾಟು ಎತ್ತಿ, ಟ್ಯಾಂಕಿನೊಳಗೆ ತೇಲುವ ಫ್ಲೋಟಿನಿಂದ ಮೀಟರಿಗೆ ಹೋಗುವ ವೈರು ಕಳಚಿ, ತುದಿಯನ್ನು ಗಾಡಿಯ ತಗಡಿಗೆ ತಾಗಿಸಿದೆ.

"ಮಾವಾ, ಮುಳ್ಳು?"

"ಬಿತ್ತಲೇ! ಸೊನ್ನಿಗೆ ಬಿತ್ತು!" ಎಂದು ಒಳಗಿನಿಂದ ಕೂಗಿದರು.

ಕರೆಂಟು ತಗಡಿಗೆ ಇಳಿದರೆ ಮುಳ್ಳು ಬೀಳಬೇಕು, ಬಿತ್ತು; ಅಂದರೆ ಮೀಟರೂ ವೈರೂ ಸರಿಯಿದ್ದವು. ಫ್ಲೋಟು ಬಿಚ್ಚಿ ಆಡಿಸಿ ನೋಡಿದೆ, ಅದೂ ಸರಿ. ಉಳಿದದ್ದು ಟ್ಯಾಂಕಿನ ಅರ್ಥ್, ಅಂದರೆ ಕರೆಂಟನ್ನು ಟ್ಯಾಂಕಿನಿಂದ ಗಾಡಿಯ ತಗಡಿಗೆ ಇಳಿಸುವ ವೈರು. ಕಾರಿನ ಅಡಿಗೆ ನುಗ್ಗಿದೆ. ಟ್ಯಾಂಕಿಗೆ ದಪ್ಪಗೆ ರೆಡ್ ಆಕ್ಸೈಡ್ ಬಣ್ಣ ಬಳಿದು, ಅರ್ಥ್ ವೈರನ್ನು ಆ ಬಣ್ಣದ ಮೇಲೆಯೇ ಬಿಗಿದಿದ್ದರು. ಕರೆಂಟು ದಾಟುವುದೆಲ್ಲಿಂದ? ಹಾಗಾಗಿ ಟ್ಯಾಂಕು ಬರಿದಾದರೂ ಮುಳ್ಳು ಮೇಲೆಯೇ ನಿಲ್ಲುತ್ತಿತ್ತು.

ಅದನ್ನು ಇಬ್ಬರಿಗೂ ಕೂಗಿ ಹೇಳಿ, ಚಾಕುವಿನಿಂದ ಬಣ್ಣ ಕೆರೆದು ವೈರು ಬಿಗಿದು, ಕ್ಯಾನು ಸುರಿದೆ. ಮುಳ್ಳು ಸರ್ರನೆ ಇಳಿದು ಸೊನ್ನೆಗಿಂತ ಒಂದಿಷ್ಟು ಮೇಲೆ ನಿಂತಿತು.

ಮಾವ ಕುಣಿದೇಬಿಟ್ಟರು. "ನೋಡಿದೇನವ್ವಾ? ನನ್ನ ತಲಿ ಅಲ್ಲ, ಗಾಡೀದು!" ಆಮೇಲೆ ನನ್ನ ಕಡೆ ತಿರುಗಿ ಗುಡುಗಿದರು. "ಅಲ್ಲಲೇ, ಅರ್ಥ್ ಜಾಗಕ್ಕ ಬಣ್ಣ ಬಳ್ದಾನಲ್ಲ, ಯಾವನವ? ಹೇಳು, ಅವನ ಮಕಕ್ಕ ಬಳೀತೀನಿ!"

ನಾನು ತಲೆ ತಗ್ಗಿಸಿ ಚಾಕು ಒರೆಸತೊಡಗಿದೆ. ಆಯುಧಪೂಜೆಯ ಹಿಂದಿನ ದಿನ ನನ್ನ ಗ್ಯಾರೇಜಿನ ಹಿಂದೆ ಟ್ಯಾಂಕು ಇಳಿಸಿಕೊಂಡು ಕುಳಿತಿದ್ದವರು ಇವರೇ. ಹಬ್ಬಕ್ಕೆ ಗಾಡಿ ಲಕಲಕ ಅನ್ನಬೇಕು, ಅದಿರಿನ ಧೂಳಿಗೆ ತುಕ್ಕು ಹಿಡಿಯಬಾರದು ಎಂದು ಸಂಜೆಯವರೆಗೆ ಬಳಿದಿದ್ದರು. ಬ್ರಷ್ಷು ಕೊಟ್ಟವನು ನಾನು.

"ಯಾರೋ ಇರ್ಬೇಕು, ಬಿಡ್ರಿ ಮಾವ," ಎಂದೆ.

ಶೈಲಶ್ರೀ ಅಪ್ಪನ ಅಂಗಿಯ ತೋಳನ್ನೇ ನೋಡುತ್ತಿದ್ದಳು. ಎಷ್ಟು ಒಗೆದರೂ ಹೋಗದ ಕೆಂಪು ಕಲೆ ಅಲ್ಲಿತ್ತು. ಮಾವನ ಕಣ್ಣೂ ಅಲ್ಲಿಗೇ ಹೋಯಿತು. ಉಗುರಿನಿಂದ ಕೆರೆದರು. ಬಗ್ಗಿ ಟ್ಯಾಂಕಿನ ಬಣ್ಣ ನೋಡಿದರು. ಮತ್ತೆ ತೋಳು ನೋಡಿಕೊಂಡರು.

"ನಾನಾ?" ಎಂದರು.

ಅಯ್ಯೋ, ಆ ಬಣ್ಣ ನನಗೇಕೆ ಕಂಡಿತೋ ಅನ್ನಿಸಿತು.

ಮಾವ ಚಾವಿ ಕಿತ್ತು ಮಗಳ ಅಂಗೈಯಲ್ಲಿಟ್ಟರು. "ತಗೊ ತಂಗಿ. ನೀನ ಇಟ್ಕೋ," ಎಂದು ಎಡಗಡೆಯ ಬಾಗಿಲು ತೆಗೆದು ಒಳಗೆ ಕುಳಿತರು. ಆ ಸೀಟಿನಲ್ಲಿ ಅವರು ಕುಳಿತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.