ಗೌರಮ್ಮವ್ವನ ಮಣ್ಣಿನ ಮಾಳಿಗೆ

ನಮ್ಮ ಮನೆಯೊಡತಿ ಗೌರಮ್ಮವ್ವ ಬಾಡಿಗೆದಾರರ ಮನೆಗೆ ಬಂದರೆ ಮೊದಲು ಮನುಷ್ಯರ ಮುಖ ನೋಡುತ್ತಿರಲಿಲ್ಲ, ಮೇಲಿನ ತೊಲೆ ನೋಡುತ್ತಿದ್ದಳು. ವಿಭೂತಿಯ ಹಣೆ ಮೇಲೆತ್ತಿ, "ಶಿವಾ ಶಿವಾ" ಎನ್ನುತ್ತ ಮೂಲೆಮೂಲೆಗೂ ಕಣ್ಣು ಹಾಯಿಸಿದ ಮೇಲೆಯೇ "ಉಂಡೀಯೇನವಾ?" ಎಂಬ ಮಾತು.

ರಾಯಚೂರಿನ ಹಳೇ ಓಣಿಯಲ್ಲಿ ಆಕೆಯದು ತೊಲೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆಯ ಉದ್ದನೆಯ ಮನೆ, ಸಾಲಾಗಿ ಮೂರು ಬಿಡಾರ. ಮುಂದಿನದರಲ್ಲಿ ಆಕೆ, ನಡುವೆ ಮೋಟಾರು ರಿಪೇರಿ ಮಾಡುವ ಹನುಮಂತ ಮತ್ತು ಅವನ ಹೆಂಡತಿ ಲಕ್ಷ್ಮಿ, ಕೊನೆಯದರಲ್ಲಿ ನಾನು. ಹಿರೇಕೊಟ್ನೆಕಲ್ಲಿನಿಂದ ಬೀಜದ ಅಂಗಡಿಯ ಕೆಲಸಕ್ಕೆಂದು ಬಂದವಳು. ಮೊದಲ ದಿನವೇ ಕಟ್ಟಪ್ಪಣೆ ಆಯಿತು.

"ಗೋಡಿಗಿ ಮೊಳಿ ಹೊಡಿಯಂಗಿಲ್ಲ. ತೊಲಿಗಿ ತೊಟ್ಲಾ ಕಟ್ಟಂಗಿಲ್ಲ. ಗ್ಯಾಸಿನ ವಾಸನಿ ಬಂದ್ರ ಲೈಟಿನ ಬಟನ್ ಮುಟ್ಟಂಗಿಲ್ಲ."

"ಉಸಿರರ ಆಡಬೌದಿಲ್ಲೋ ಅವ್ವಾ?"

"ಆಡವಾ. ಜ್ವಾಕಿಲೆ ಆಡು."

ಅಂಜುಬುರುಕಿ ಎಂದು ನಾನು ಹಿಂದಿನಿಂದ ನಗುತ್ತಿದ್ದೆ. ಒಂದು ಸಂಜೆ ಅವ್ವ ತಾನಾಗಿಯೇ ಹೇಳಿದಳು. ದೇವದುರ್ಗದಲ್ಲಿ ಆಕೆ ಸಣ್ಣವಳಿದ್ದಾಗ ಮಳೆಗೆ ಮಾಳಿಗೆ ಕುಸಿದು, ಪಕ್ಕದಲ್ಲಿ ಮಲಗಿದ್ದ ತಂಗಿ ಮತ್ತೆ ಏಳಲಿಲ್ಲವಂತೆ. ಅಷ್ಟು ಹೇಳಿ ಸೆರಗನ್ನು ಬಾಯಿಗೊತ್ತಿಕೊಂಡಳು. ಅಂದಿನಿಂದ ನನಗೂ ಆ ಅಂಜಿಕೆ ಅಂಟಿತು.

ಮುಂಗಾರಿನ ಮಿರಗದ ಮಳೆಗೆ ಮೊದಲು ಪ್ರತಿವರ್ಷ ಒಂದು ಟ್ರಾಕ್ಟರ್ ಸವಳು ಮಣ್ಣು ಬರುತ್ತಿತ್ತು. ಮಾಳಿಗೆ ಸೋರದ ಹಾಗೆ ಆ ಮಣ್ಣನ್ನು ಮೇಲೆ ಹರಡಬೇಕು. ಬಾಡಿಗೆದಾರರೂ ಮಣ್ಣಿನ ಪುಟ್ಟಿ ಹೊರಲೇಬೇಕು. ಅವ್ವ ಏಣಿಯ ಬುಡದಲ್ಲಿ ನಿಂತು, "ಅಷ್ಟಕ್ಕೇ ಬಿಟ್ಟೀಯೇನು? ಇನ್ನೊಂದು ಪುಟ್ಟಿ ಸುರವು. ಮಣ್ಣಿದ್ದಷ್ಟೂ ಮನಿ ಗಟ್ಟಿ" ಎಂದು ಗದರುತ್ತಿದ್ದಳು. ಆ ಮನೆ ಒಂದು ಹನಿ ಸೋರಿದ್ದನ್ನು ನಾನು ಕಂಡಿಲ್ಲ.

ಹನುಮಂತನಿಗೂ ಆಕೆಗೂ ಮಾತ್ರ ದಿನಾ ಕಿರಿಕಿರಿ. ಅವನು ಮನೆಯೊಳಗೇ ತೇಪೆ ಹಾಕಿದ ವೈರಿನಿಂದ ಮೋಟಾರು ಓಡಿಸಿ ನೋಡುತ್ತಿದ್ದ. "ತೊಯ್ದ ಗೋಡಿಗಿ ಕರೆಂಟ್ ಹರದ್ರ ಎಲ್ಲಾರೂ ಸಾಯ್ತೀವಿ. ಮೋಟಾರರ ತಗಿ, ಇಲ್ಲಾ ಮನೀನರ ಬಿಡು" ಎಂದು ಅವ್ವ ಒಮ್ಮೆ ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದಳು.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಮೇಲೆ ಮಣ್ಣಿನ ಪುಡಿ ಉದುರಿತು. ಪಕ್ಕದ ಹನುಮಂತನ ಮನೆಯ ಕಡೆ ಕಿರ್ ಎಂದು ಸಪ್ಪಳ. ನಾನು ಚೀರಿದ್ದಕ್ಕೆ ಅವ್ವ ಓಡಿ ಬಂದಳು, ಹನುಮಂತನ ಹೊಸ್ತಿಲಲ್ಲಿ ನಿಂತು ಮೇಲೆ ನೋಡಿದಳು. ಮುಖ ಬಿಳಚಿಹೋಯಿತು.

"ತೊಲಿ ಬಾಗ್ಯಾದ! ಏಳ್ರಿ, ಎಲ್ಲಾರೂ ಹೊರಗ ನಡೀರಿ!"

ಲಕ್ಷ್ಮಿ ಹಸಿ ಬಾಣಂತಿ. ಹನುಮಂತ ಬಾಗಿಲಿಗೆ ಅಡ್ಡ ನಿಂತ. "ಈ ಥಂಡಿಗಾಳ್ಯಾಗ ಬಾಣಂತಿ ಕೂಸಿನ್ನ ಎಲ್ಲಿಗೆ ಒಯ್ಲಿ? ನನಗ ಗೊತ್ತದ, ಇದು ಮನಿ ಖಾಲಿ ಮಾಡ್ಸೋ ಆಟ!"

ಮೇಲೆ ಮತ್ತೆ ಕಿರ್ ಎಂದಿತು. ಅವ್ವನ ಬೆನ್ನಿಗೇ ನಿಂತಿದ್ದ ನಾನು ಅಂಗಳಕ್ಕೆ ಜಾರಿದೆ. ಅವ್ವ ಮಾತ್ರ ಅವನನ್ನು ದೂಡಿಕೊಂಡು ಒಳಗೆ ಹೋಗಿ, ಬಾಗಿದ ತೊಲೆಯ ಕೆಳಗೇ ಕುಳಿತುಬಿಟ್ಟಳು.

"ಆಟ ಅಂದಿ ಅಲಾ? ಹಂಗಾರ ನನಗೇನೂ ಆಗಂಗಿಲ್ಲ. ನೀವು ಹೊರಗ ಹೋಗೋತನಕ ನಾ ಏಳಂಗಿಲ್ಲ."

ತಲೆಯ ಮೇಲೆ ಮಣ್ಣು ಉದುರುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿದ್ದವು. ಹನುಮಂತ ಆ ಮುಖವನ್ನೇ ನೋಡಿದ. ಅಂಥ ಅಂಜಿಕೆ ನಾಟಕಕ್ಕೆ ಬರುವುದಲ್ಲ. ಕೂಸನ್ನೆತ್ತಿಕೊಂಡ. ನಾನು ಲಕ್ಷ್ಮಿಗೆ ಕಂಬಳಿ ಹೊದಿಸಿ ಎದುರು ಮನೆಗೆ ನಡೆಸಿದೆ. ಅವ್ವನಿಗೋ ಏಳಲು ಬರಲಿಲ್ಲ, ಕಾಲು ಸತ್ತುಹೋಗಿದ್ದವು. ಹನುಮಂತ ತಿರುಗಿ ಹೋಗಿ ರಟ್ಟೆ ಹಿಡಿದು ಎಳೆದು ತಂದ. ಅವರು ಅಂಗಳಕ್ಕೆ ಬಿದ್ದದ್ದೂ ಆ ಮಾಳಿಗೆ ಕುಸಿದದ್ದೂ ಒಂದೇ ಆಯಿತು.

ಮಳೆ ನಿಂತ ಮೇಲೆ ಬಂದ, ಮನೆ ಕಟ್ಟುವ ಗೌಂಡಿ ಕುಸಿದ ರಾಶಿ ಕೆದರಿ ನೋಡಿ ಹೇಳಿದ: "ಹಳೇ ಮಣ್ಣು ತಗೀದನ ವರ್ಷಾ ಹೊಸಾದು ಹೇರೀರಿ ಯವ್ವಾ. ಅದು ನೀರು ಕುಡುದ್ರ ಯಾವ ತೊಲಿ ತಡೀತದ?" ಅವ್ವ ಉಳಿದ ಮನೆಗೆ ಬೀಗ ಹಾಕಿ ಮಲ್ಲಟದಲ್ಲಿದ್ದ ಮಗಳ ಮನೆ ಸೇರಿದಳು, ನಾವು ಬೇರೆ ಕಡೆ ಬಿಡಾರ ಹಿಡಿದೆವು.

ಅವ್ವ ತೀರಿಕೊಂಡು ಈಗ ವರ್ಷವಾಗುತ್ತ ಬಂತು. ಅದಕ್ಕೆ ಸ್ವಲ್ಪ ಮೊದಲು ಹನುಮಂತ, ಲಕ್ಷ್ಮಿ, ನಾನು ಕೂಸನ್ನು ಕರೆದುಕೊಂಡು ಮಲ್ಲಟಕ್ಕೆ ಹೋಗಿದ್ದೆವು. ಬಹಳ ಸೊರಗಿದ್ದಳು. ಕೂಸನ್ನು ಕೊಡಹೋದರೆ ಹಿಂದೆ ಸರಿದಳು.

"ನನ್ನ ಕೈಯಾಗ ಕೊಡಬ್ಯಾಡ್ರಿ. ಕಾಯತೀನಿ ಕಾಯತೀನಿ ಅಂತ ಇದರ ಮ್ಯಾಲೇ ಮಣ್ಣು ಹೇರಿದಾಕಿ ನಾನು."

"ಹೊರಗ ಹಾಕಿ ಉಳಿಸಿದಾಕಿನೂ ನೀನೇ ಅಲೇನವ್ವಾ?" ಎಂದೆ. ಅಲ್ಲ ಎಂಬಂತೆ ತಲೆ ಅಲ್ಲಾಡಿಸಿದಳು.

ಲಕ್ಷ್ಮಿ ಕೂಸನ್ನು ಆಕೆಯ ಉಡಿಯಲ್ಲಿ ಹಾಕಿದಳು. ಅದು ಸೀರೆಯ ಸೆರಗು ಹಿಡಿದುಕೊಂಡು ನಿದ್ದೆ ಹೋಯಿತು. ಅವ್ವ ಅದನ್ನು ಮುಟ್ಟಲಿಲ್ಲ. ಎರಡೂ ಕೈಗಳನ್ನು ಅದರ ಮೇಲೆ ಗಾಳಿಯಲ್ಲೇ ಚಾಚಿ, ಅದು ಏಳುವ ತನಕ ಹಾಗೆಯೇ ಹಿಡಿದು ಕುಳಿತಿದ್ದಳು.