ಗೋಡೆಯ ಮೇಲಿನ ಕಾಲುಸಂಕ

ಏಣಿ ಹತ್ತುವ ಮೊದಲು ಪೇಂಟಿನ ಡಬ್ಬಿಯ ಮುಚ್ಚಳ ತೆಗೆದೆ. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿಯಿತು, ಜೊತೆಗೆ ಪೇಂಟರ್ ಮಾವನೂ ಬಂದು ನಿಂತ ಹಾಗಾಯಿತು. ಸಂಬಂಧದಲ್ಲಿ ನನಗೆ ಮಾವನೇನಲ್ಲ. ಯಲ್ಲಾಪುರದ ಕಡೆಯ ನಮ್ಮೂರಿನ ಬೋರ್ಡುಗಳನ್ನೆಲ್ಲ ಬರೆಯುತ್ತಿದ್ದವರು, ಊರಿಗೇ ಮಾವ.

ಅವರ ಬಳಿ ಒಂದು ಚಿತ್ರದ ಕಾರ್ಡು ಇತ್ತು. ಹಕ್ಕಿ ನೋಡಲು ಬಂದು ಅವರ ಮನೆಯಲ್ಲಿ ಉಳಿದಿದ್ದ ಜರ್ಮನಿಯವನೊಬ್ಬ ಕಳಿಸಿದ್ದು. ಅದರಲ್ಲಿ ಅವನೂರಿನ ಲಾಂಛನ: ಕೆಂಪು ಗುರಾಣಿ, ಕೆಳಗೆ ಹೊಳೆಯ ಅಲೆ, ಮೇಲೆ ಹಿಟ್ಟಿನ ಗಿರಣಿಯ ಚಕ್ರ. ಗಿರಣಿ ಬಿದ್ದು ಎಷ್ಟೋ ತಲೆಮಾರಾಯಿತಂತೆ. ಊರಿಗೆ ಅನ್ನ ಕೊಟ್ಟಿದ್ದೆಂದು ಚಕ್ರವನ್ನು ಮಾತ್ರ ಅವರು ಇನ್ನೂ ತೆಗೆದಿಲ್ಲ. ಮಾವ ಈ ಕಥೆಯನ್ನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು...

ಪಂಚಾಯ್ತಿಗೆ ಹೊಸ ಕಟ್ಟಡವಾದಾಗ ಗೋಡೆಗೊಂದು ಲಾಂಛನ ಬೇಕಾಯಿತು. ಅಧ್ಯಕ್ಷರಿಗೆ ಸಿಂಹವೇ ಆಗಬೇಕು. ಸದಸ್ಯನಾಗಿದ್ದ ನಾನೂ ಸಿಂಹಕ್ಕೇ ಕೈ ಎತ್ತಿದೆ, ನಾಚಿಕೆಗೇಡು! ಮಾವ ಕಾಲುಸಂಕದ ಚಿತ್ರ ಮುಂದಿಟ್ಟರು. ಮಳೆಗಾಲದ ಮೊದಲು ಮನೆಗೊಬ್ಬರಂತೆ ಸೇರಿ, ಹಳ್ಳಕ್ಕೆ ಅಡ್ಡ ಮರ ಹಾಕಿ, ಹಿಡಿದುಕೊಳ್ಳಲು ಬಿದಿರು ಕಟ್ಟಿ, ದಾಟಲು ಸಂಕ ಮಾಡುವುದು ನಮ್ಮೂರ ಪದ್ಧತಿ. ಮಾತು ಬಿಟ್ಟವರೂ ಆ ದಿನ ಒಂದೇ ಮರಕ್ಕೆ ಹೆಗಲು ಕೊಡುತ್ತಿದ್ದರು.

"ಸಿಂಹ ಇದ್ರೆ ಒಂದು ಗತ್ತು ಇರ್ತದೆ ಮಾರಾಯ್ರೆ," ಎಂದರು ಅಧ್ಯಕ್ಷರು.

ಮಾವ ಎದ್ದು ನಿಂತರು. "ಈ ಊರಲ್ಲಿ ಸಿಂಹ ನೋಡಿದವು ಯಾರು? ಸಂಕ ದಾಟ್ದೇ ಶಾಲೆಗೆ ಹೋದವು ಯಾರು? ಬೇರೆಯವರ ಹತ್ರ ಬರೆಸ್ಕ್ಯಳಿ. ಆನಂತೂ ಬರೆತ್ನಿಲ್ಲೆ!"

ತಾನು ಬರೆಯುವುದಿಲ್ಲವೆಂದವರು ಹೊರಟೇ ಹೋದರು. ಆ ವರ್ಷ ಪಂಚಾಯ್ತಿಯ ಒಂದು ಬೋರ್ಡೂ ಅವರಿಗೆ ಸಿಗಲಿಲ್ಲ. ಪೇಟೆಯವನೊಬ್ಬ ಬರೆದ ಸಿಂಹವೋ, ಹಸಿದ ನಾಯಿಯ ಹಾಗೆ ಕಂಡಿತು. ಶಾಲೆ ಮಕ್ಕಳು 'ಪಂಚಾಯ್ತಿ ನಾಯಿ' ಎಂದು ಹೆಸರಿಟ್ಟರು. ಕಡೆಗೆ ಅಧ್ಯಕ್ಷರೇ ಮಾವನ ಮನೆಗೆ ಹೋಗಿ ಕರೆತಂದರು. ಮಾವ ಆ ನಾಯಿಯನ್ನು ಅಳಿಸಿ ಸಂಕ ಬರೆದರು.

ಈಗ ಹಳ್ಳಕ್ಕೆ ಸಿಮೆಂಟ್ ಸೇತುವೆ ಬಂದಿದೆ. "ಸಂಕವೇ ಇಲ್ಲ, ಇನ್ನು ಅದರ ಚಿತ್ರ ಎಂತಕ್ಕೆ?" ಎಂದು ಈಗಿನ ಸದಸ್ಯರು ನಾಳೆ ಗೋಡೆಗೆ ಸುಣ್ಣ ಬಳಿಸುವವರಿದ್ದಾರೆ. ಸಂಕ ಇಲ್ಲದ್ದಕ್ಕೇ ಚಿತ್ರ ಬೇಕು! ಮಾಸಿದ ಗೆರೆಗಳ ಮೇಲೆ ಮತ್ತೆ ಬಣ್ಣ ಎಳೆಯಲು ನಾನೇ ಏಣಿ ತಂದಿದ್ದೇನೆ. ಅಂದು ಸಿಂಹಕ್ಕೆ ಎತ್ತಿದ ಕೈ ಇದೇ.

ಮಾವ ಹೋಗಿ ನಾಲ್ಕು ಮಳೆಗಾಲವಾಯಿತು. ನನ್ನ ಗೆರೆ ಸೊಟ್ಟ... "ಕೈ ಬಿಗಿ ಮಾಡಡ, ಸಡಿಲ ಬಿಡು" ಎಂದು ಬೈಯಲು ಅವರಿಲ್ಲ, ಅದೇ ಸಂಕಟ. ಸೊಟ್ಟವಾದರೂ ಇರಲಿ. ಸುಣ್ಣದ ಬಕೆಟ್ಟು ಹಿಡಿದವರು ಬರಲಿ, ನಾನು ಈ ಏಣಿ ಇಳಿಯುವವನಲ್ಲ.